ಗಿಡಬಳಗದ ಪುಸ್ತಕಗಳು ಕೆಸರೆಗೆ ಹೋದದ್ದು

ಬಾಯಿ ತೆರೆಯಲೇಬೇಕಿದ್ದ ಒಂದು ದಿನ ನಾನು ತೆರೆಯಲಿಲ್ಲ. ನಾನು ಮಾಡಿದ ತಪ್ಪನ್ನು ನನ್ನ ಅಕ್ಕ ತನ್ನದೆಂದು ನಾಲ್ಕು ಜನರ ಮುಂದೆ ಹೇಳುತ್ತಿದ್ದಾಗ ಅದೇ ಕೋಣೆಯ ಬಾಗಿಲಲ್ಲಿ ಎರಡು ಪುಸ್ತಕ ಎದೆಗವಚಿಕೊಂಡು ನಿಂತಿದ್ದೆ. ಪುಸ್ತಕ ಮೇಜಿನ ಮೇಲಿಟ್ಟು ಮನೆಗೆ ಬಂದೆ. ಆಮೇಲೆ ಒಂಬತ್ತು ವರ್ಷ ಆ ಮಾತೇ ಎತ್ತಲಿಲ್ಲ. ಕಳೆದ ವರ್ಷ ಆ ಪುಸ್ತಕಗಳಿಗೆ ಒಂದು ಜಾಗ ಹುಡುಕುವ ಕೆಲಸ ನನ್ನ ಪಾಲಿಗೆ ಬರದೇ ಇದ್ದಿದ್ದರೆ ಹತ್ತನೆಯ ವರ್ಷವೂ ಹಾಗೆಯೇ ಕಳೆಯುತ್ತಿತ್ತು.

ನಾನು ಪುಸ್ತಕದ ಬೈಂಡರ್. ಹೆಸರು ಮಹದೇವ. ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಅಪ್ಪನ ಕಾಲದಿಂದ ಇರುವ ಅಂಗಡಿ. ಓದಿದ್ದು ಏಳನೇ ಕ್ಲಾಸು. ಅಂಗಡಿಯಲ್ಲಿ ಕೈ ಸಾಲದು ಎಂದು ಅಪ್ಪ ಶಾಲೆ ಬಿಡಿಸಿದರು, ನಾನೂ ಸಂತೋಷವಾಗಿಯೇ ಬಿಟ್ಟೆ. ನಲವತ್ತು ವರ್ಷದಿಂದ ಪುಸ್ತಕ ಮುಟ್ಟುತ್ತಿದ್ದೇನೆ, ಓದಿದ್ದು ಕಡಿಮೆ. ಪುಸ್ತಕ ನನಗೆ ಕಾಣುವುದು ಹೊಲಿಗೆ, ಬೆನ್ನು, ರಟ್ಟು, ಅಂಚು ಎಂದೇ. ಹಳೆಯ ಪುಸ್ತಕ ಬಂದರೆ ಮೊದಲು ಬಿಚ್ಚುತ್ತೇವೆ. ಹಾಳೆಗಳನ್ನು ಸರಿಮಾಡಿ ದಾರದಲ್ಲಿ ಹೊಲಿಯುತ್ತೇವೆ. ಹುಳ ಬರದಿರಲಿ ಎಂದು ಚಿಟಿಕೆ ಮೈಲುತುತ್ತ ಹಾಕಿ ಕಾಯಿಸಿದ ಮೈದಾ ಅಂಟನ್ನು ಬೆನ್ನಿಗೆ ಬಳಿಯುತ್ತೇವೆ. ಒಣಗಿದ ಮೇಲೆ ಕಟಿಂಗ್ ಮಷೀನಿಗೆ ಕೊಟ್ಟು ಬೆನ್ನು ಬಿಟ್ಟು ಉಳಿದ ಮೂರು ಕಡೆಯ ಅಂಚನ್ನು ಕತ್ತರಿಸುತ್ತೇವೆ. ಆಗ ಪುಸ್ತಕದ ಅಂಚು ಹೊಸ ಸೋಪಿನ ಹಾಗೆ ನುಣ್ಣಗಾಗುತ್ತದೆ. ಅದರ ಮೇಲೆ ಹೆಬ್ಬೆರಳು ಆಡಿಸುವ ಖುಷಿ ಬೈಂಡರಿಗೆ ಮಾತ್ರ ಗೊತ್ತು.

ನಮ್ಮ ಕಸುಬಿನಲ್ಲಿ ಚೀಟಿ ಎಂಬುದೊಂದಿದೆ. ಪುಸ್ತಕ ತಂದವರು ಯಾವ ಬಣ್ಣದ ಬಟ್ಟೆ, ಬೆನ್ನಿನ ಮೇಲೆ ಏನು ಬರೆಯಬೇಕು, ಏನು ಮಾಡಬಾರದು ಎಂದು ಬರೆದು ಕಟ್ಟಿನ ಮೇಲಿಡುತ್ತಾರೆ. ಚೀಟಿ ಎರಡು ಸಲ ಓದದೆ ಸೂಜಿ ಹಿಡಿಯಬೇಡ ಎಂಬುದು ಅಪ್ಪ ನನಗೆ ಕಲಿಸಿದ ಮೊದಲ ಪಾಠ.

ನನ್ನ ಅಕ್ಕ ಗಿರಿಜಮ್ಮ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಪಿಯುಸಿ ಮುಗಿಸಿ ಒಂದು ಹೈಸ್ಕೂಲಿನಲ್ಲಿ ಗುಮಾಸ್ತೆಯಾಗಿದ್ದಳು. ಸಂಜೆ ಹೊತ್ತು ಸರಸ್ವತಿಪುರಂನಲ್ಲಿ ಒಂದು ಸಸ್ಯ ಸಂಘದ ಪುಸ್ತಕ ಭಂಡಾರ ನೋಡಿಕೊಳ್ಳುತ್ತಿದ್ದಳು. ಸದಸ್ಯರು ಅದನ್ನು ಗಿಡಬಳಗ ಎನ್ನುತ್ತಿದ್ದರು. ಸದಸ್ಯರೊಬ್ಬರ ಮನೆಯ ಹಿಂದಿನ ಔಟ್‌ಹೌಸಿನಲ್ಲಿ ಏಳು ಬೀರು, ಸುಮಾರು ಆರುನೂರು ಪುಸ್ತಕ. ಅಕ್ಕ ಸಂಬಳಕ್ಕಿರಲಿಲ್ಲ. ವರ್ಷದ ವರದಿಯಲ್ಲಿ ‘ಗ್ರಂಥಪಾಲಕಿ: ಶ್ರೀಮತಿ ಗಿರಿಜಮ್ಮ’ ಎಂದು ಒಂದು ಸಾಲು ಅಚ್ಚಾಗುತ್ತಿತ್ತು. ಆ ವರದಿಯನ್ನು ಅವಳು ದೇವರ ಮನೆಯಲ್ಲಿ ಪಂಚಾಂಗದ ಜೊತೆ ಇಡುತ್ತಿದ್ದಳು.

ಗಿಡಬಳಗಕ್ಕೆ ಬೇರೆಲ್ಲೂ ಇಲ್ಲದ ಒಂದು ಪದ್ಧತಿ ಇತ್ತು. ಬೇರೆ ಕಡೆ ಪುಸ್ತಕದಲ್ಲಿ ಬರೆದರೆ ಬೈಯುತ್ತಾರೆ, ಇಲ್ಲಿ ಬರೆಯದಿದ್ದರೆ ಬೈಯುತ್ತಿದ್ದರು. ತಿಂಗಳಿಗೊಂದು ಭಾನುವಾರ ಎಲ್ಲರೂ ಬೆಟ್ಟವನ್ನೋ ಕೆರೆ ಏರಿಯನ್ನೋ ಸುತ್ತಿ ಬರುವರು. ಬಂದು, ಗಿಡಗಳ ಬಗೆಗಿನ ಹದಿನಾಲ್ಕು ದೊಡ್ಡ ಸಂಪುಟಗಳಲ್ಲಿ ಆಯಾ ಗಿಡದ ಪುಟ ತೆಗೆದು, ಎಲ್ಲಿ ನೋಡಿದೆವು, ಹೂವೋ ಕಾಯೋ, ಯಾರು ಏನು ಹೇಳಿದರು ಎಂದು ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯುವರು. ಹೆಚ್ಚು ಹೇಳುತ್ತಿದ್ದದ್ದು ಚಿಕ್ಕಣ್ಣ ಎಂಬ ಮಾಲಿ. ಕೆಸರೆಯವರು, ಓದು ಬರಹ ಬರದವರು. ‘ಚಿಕ್ಕಣ್ಣ ಹೇಳಿದ್ದು’ ಎಂದು ಬರೆದು, ಅವರಿಗೇ ಓದಿ ಹೇಳಿ, ಅವರು ತಲೆಯಾಡಿಸಿದ ಮೇಲೆ ಪುಸ್ತಕ ಮುಚ್ಚುವರು. ಯುಗಾದಿ ಕಳೆದ ಮೊದಲ ಭಾನುವಾರ ಹಿಂದಿನ ವರ್ಷ ಬರೆದದ್ದನ್ನೆಲ್ಲ ಅವರ ಮುಂದೆ ಓದುವ ರೂಢಿಯೂ ಇತ್ತು. ಇಷ್ಟೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಆ ಹದಿನಾಲ್ಕು ಸಂಪುಟ ಬೆನ್ನು ಬಿಟ್ಟುಕೊಂಡು ಜೋಲುತ್ತಿದ್ದವು. ಅಕ್ಕ ಅವನ್ನು ನನ್ನ ಅಂಗಡಿಗೆ ಕಳಿಸಿದಳು. ಮೇ ಕೊನೆಯ ದಿನಗಳು, ಶಾಲೆಯ ನೋಟ್‌ಬುಕ್ಕುಗಳು ಸೂರಿನವರೆಗೆ ಬಿದ್ದಿದ್ದವು. ಕಟ್ಟಿನ ಮೇಲೆ ನಾಲ್ಕಾಗಿ ಮಡಿಸಿದ ಚೀಟಿ ಇತ್ತು. ಹೊರಗಿನವರ ಕೆಲಸವಾಗಿದ್ದರೆ ಎರಡು ಸಲ ಓದುತ್ತಿದ್ದೆ. ನಮ್ಮ ಅಕ್ಕನದು ತಾನೇ ಎಂದು ಬಿಚ್ಚದೆ ಗೋಡೆಯ ಮೊಳೆಗೆ ಸಿಕ್ಕಿಸಿದೆ.

ಅಕ್ಕನ ಸಂಘದ ಪುಸ್ತಕವೆಂದು ಎಂದಿಲ್ಲದ ಮುತುವರ್ಜಿ ಬೇರೆ. ಹಸಿರು ಬಟ್ಟೆ, ಬೆನ್ನಿಗೆ ಚಿನ್ನದ ಅಕ್ಷರ. ಅಂಚು ಮಾಸಿತ್ತು, ಪೆನ್ಸಿಲ್ ಗೀಚುಗಳಿದ್ದವು. ಮಾಮೂಲಿ ಕೂದಲೆಳೆಯಷ್ಟು ತೆಗೆಯುವ ಬದಲು ಬೆರಳಗಲ ಕತ್ತರಿಸಿದೆ. ಚೂರು ಅಂದೇ ರದ್ದಿಯವನ ಚೀಲಕ್ಕೆ ಹೋಯಿತು. ಚೀಟಿ ಬಿಚ್ಚಿದ್ದು ಕೊನೆಯ ಎರಡು ಸಂಪುಟಕ್ಕೆ ಚಿನ್ನದ ಅಕ್ಷರ ಬರೆಯುವಾಗ, ಅಕ್ಷರ ಸರಿಯಿದೆಯೇ ನೋಡೋಣವೆಂದು. ‘ಮಾದೇವ, ಹೊಲಿಗೆ ರಟ್ಟು ಮಾತ್ರ. ಅಂಚು ಮುಟ್ಟಬೇಡ. ಅದರಲ್ಲಿ ಚಿಕ್ಕಣ್ಣನವರ ಮಾತಿದೆ.’

ಹನ್ನೆರಡು ಸಂಪುಟ ಆಗಲೇ ಸರಸ್ವತಿಪುರಂ ತಲುಪಿದ್ದವು. ಉಳಿದೆರಡನ್ನು ಹಿಡಿದು ಓಡಿದೆ. ಒಳಗೆ ಕಮಿಟಿ ಸೇರಿತ್ತು. ಅಧ್ಯಕ್ಷರು ನಿವೃತ್ತ ಪ್ರೊಫೆಸರ್. ಎಲ್ಲರೂ ಅವರನ್ನು ಪ್ರೊಫೆಸರ್ ಎಂದೇ ಕರೆಯುವುದು. ಅವರು ಒಂದು ಪುಟ ತೆರೆದು ಅಂಚನ್ನೇ ನೋಡುತ್ತಿದ್ದರು.

“ಇದನ್ನ ಕತ್ತರಿಸೋಕೆ ಹೇಳಿದ್ದು ಯಾರು?”

ಅಕ್ಕ ನನ್ನ ಕಡೆ ನೋಡಲಿಲ್ಲ. “ನಾನೇ ಸರ್. ಅಂಚು ಪುಡಿಯಾಗ್ತಿತ್ತು, ಸ್ವಲ್ಪ ತೆಗೆಸು ಅಂದೆ. ನನ್ನ ತಪ್ಪು.”

ಪ್ರೊಫೆಸರ್ ತಮ್ಮ ಹಳೆಯ ಕಾಲೇಜಿನ ಬೈಂಡಿಂಗ್ ಕೆಲಸಕ್ಕೆ ನನ್ನ ಹೆಸರು ಹೇಳುತ್ತೇನೆಂದಿದ್ದರು. ಅದು ಅಕ್ಕನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಚೀಟಿ ನನ್ನ ಜೇಬಿನಲ್ಲೇ ಇತ್ತು. ನಾನು ಪುಸ್ತಕ ಮೇಜಿನ ಮೇಲಿಟ್ಟು ಬಂದೆ. ಕಾಲೇಜಿನ ಕೆಲಸ ನನಗೆ ಸಿಕ್ಕಿತು. ಅಕ್ಕನ ಹೆಸರು ಮುಂದಿನ ವರದಿಯಲ್ಲಿ ಇರಲಿಲ್ಲ. ಸಂಪುಟಗಳ ಬೀರುವಿನ ಕೀಲಿಯನ್ನು ಪ್ರೊಫೆಸರ್ ತಾವೇ ಇಟ್ಟುಕೊಂಡರು. ಅಕ್ಕನಿಗೆ ಉಳಿದದ್ದು ಹೊರಬಾಗಿಲ ಕೀಲಿ. ಅವಳು ಮಾತ್ರ ಮೊದಲಿನಂತೆಯೇ ಹೋಗಿ ಧೂಳು ಒರೆಸಿ, ಪುಸ್ತಕದ ಸಂದಿಗೆ ಬೇವಿನ ಸೊಪ್ಪು ಇಟ್ಟು ಬರುತ್ತಿದ್ದಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದುಬಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

ಕಳೆದ ವರ್ಷ ಆ ಮನೆ ಮಾರಾಟವಾಯಿತು. ಹೊಸಬರು ಒಡೆದು ಕಟ್ಟುವವರು, ಎರಡು ತಿಂಗಳಲ್ಲಿ ಜಾಗ ಖಾಲಿ ಮಾಡಿ ಎಂದರು. ಪ್ರೊಫೆಸರಿಗೆ ಎಂಬತ್ತು ದಾಟಿತ್ತು. ಕೋಲೂರಿಕೊಂಡು ನನ್ನ ಅಂಗಡಿಗೇ ಬಂದರು.

“ಮಹದೇವ, ನಿನಗೆ ಊರೆಲ್ಲ ಪರಿಚಯ. ಒಂದು ಒಣ ಜಾಗ, ನೋಡ್ಕೊಳ್ಳೋಕೆ ಒಬ್ಬ ಮನುಷ್ಯ, ಇಷ್ಟು ಹುಡುಕಿಕೊಡಪ್ಪ. ಇಲ್ದಿದ್ರೆ ಆರುನೂರು ಪುಸ್ತಕ ಆರುನೂರು ಮನೆಗೆ ಹೋಗ್ತವೆ. ಒಂದೂ ವಾಪಸ್ ಬರಲ್ಲ.”

“ನೋಡ್ಕೊಳ್ಳೋಕೆ ಅಕ್ಕ ಇದ್ದಾಳಲ್ಲ ಸರ್.”

ಅವರು ಕನ್ನಡಕ ತೆಗೆದು ಒರೆಸಿದರು. “ಒಳ್ಳೇ ಹೆಂಗಸು. ಆದ್ರೆ ಆ ಅಂಚಿನ ಬೆಲೆ ಗೊತ್ತಾಗಲಿಲ್ಲ ನೋಡು ಅವರಿಗೆ.”

ಅವರು ಹೋದ ಮೇಲೆ ಅಂಟಿನ ಪಾತ್ರೆ ತಳ ಹಿಡಿದದ್ದು ನನಗೆ ಗೊತ್ತಾಗಲಿಲ್ಲ.

ಅಕ್ಕನಿಗೆ ಈ ಮಾತು ನಾನು ಹೇಳಲಿಲ್ಲ. ಅವಳು ಕೆಲಸದಿಂದ ನಿವೃತ್ತಳಾಗಿ, ಮಂಡಿ ನೋವಿದ್ದರೂ, ಹೊಸ ಜಾಗ ಎಲ್ಲಿ ಸಿಕ್ಕರೂ ದಿನಾ ಹೋಗಿ ಕೂರುವುದೆಂದು ತೀರ್ಮಾನ ಮಾಡಿಬಿಟ್ಟಿದ್ದಳು.

“ನಂಗೊಂದು ಸ್ಟೂಲ್ ಹಾಕ್ಬುಟ್ರೆ ಸಾಕು ಕಣೋ. ಬಸ್ಸು ಹೇಗೂ ಹೆಂಗಸರಿಗೆ ಫ್ರೀ.”

“ಬಸ್ಸು ಫ್ರೀ, ಮಂಡಿ ಫ್ರೀಯಾ?”

“ಮಂಡೀನ ಸೀಟಲ್ಲಿ ಕೂರಿಸ್ತೀನಿ, ನೀನು ಜಾಗ ನೋಡು ಹೋಗು.”

ಗೂಡ್ಸ್ ಆಟೋ ಓಡಿಸುವ ಇಮ್ತಿಯಾಜ್ ನನ್ನ ಹಳೆಯ ಸ್ನೇಹಿತ. ಅವನ ಆಟೋದಲ್ಲಿ ಊರು ಸುತ್ತಿದೆವು. ಸರಸ್ವತಿಪುರಂನ ಒಂದು ಟ್ಯುಟೋರಿಯಲ್‌ನವರು ತುಂಬಾ ಸಂತೋಷದಿಂದ ಒಂದು ಗೋಡೆ ಕೊಡುತ್ತೇವೆಂದರು. ಬಾಗಿಲಿಗೆ ಎದುರಿನ ಗೋಡೆ, ಬಂದವರಿಗೆ ಮೊದಲು ಕಾಣಬೇಕು. “ಆದ್ರೆ ಪುಸ್ತಕ ತೆಗೆಯೋ ಹಾಗಿಲ್ಲ ಸರ್, ಜೋಡಣೆ ಕೆಡುತ್ತೆ” ಎಂದರು. ಒಂದು ಕಲ್ಯಾಣ ಮಂಟಪದ ಮಾಲೀಕರು ಉಗ್ರಾಣ ತೋರಿಸಿದರು. ವರ್ಷದಲ್ಲಿ ಅರವತ್ತು ದಿನ ಮಾತ್ರ ತೊಂದರೆ, ಆ ದಿನಗಳಲ್ಲಿ ಪುಸ್ತಕದ ಮುಂದೆ ಕುಂಬಳಕಾಯಿ ಇರುತ್ತವೆ ಅಷ್ಟೆ ಎಂದರು. “ಗಿಡದ ಪುಸ್ತಕ ತಾನೆ, ಕುಂಬಳಕಾಯಿ ಪಕ್ಕ ಇದ್ರೆ ತಪ್ಪೇನ್ರೀ?” ಇಮ್ತಿಯಾಜ್ ಗಂಭೀರವಾಗಿ, “ನೋಡಣ್ಣ, ಲಾಜಿಕ್ ಇದೆ” ಎಂದ. ಇನ್ನೊಬ್ಬ ದೊಡ್ಡವರು ತಮ್ಮ ಹಾಲಿನಲ್ಲೇ ಇಟ್ಟುಕೊಳ್ಳುತ್ತೇನೆ ಎಂದು ಸೋಫಾದ ಬಣ್ಣ ತೋರಿಸಿದರು. ಆರುನೂರಕ್ಕೂ ಆ ಬಣ್ಣದ್ದೇ ರಟ್ಟು ಹಾಕಿಕೊಡಬೇಕಂತೆ. ಕೈ ಮುಗಿದು ಬಂದೆವು.

ಒಂದೂವರೆ ತಿಂಗಳು ಹೀಗೇ ಕಳೆಯಿತು. ಒಂದು ಬೆಳಿಗ್ಗೆ ಇಮ್ತಿಯಾಜ್ ಫೋನ್ ಮಾಡಿದ. “ಕೆಸರೇಲಿ ನರ್ಸರಿ ಮೇಲೆ ಒಂದು ರೂಮು ಖಾಲಿ ಇದೆ ಅಣ್ಣ. ಜಿಮ್ ಇತ್ತಂತೆ, ಓಡಿಹೋಯ್ತಂತೆ.”

ಕೆಳಗೆ ಸಾಲು ಸಾಲು ಕುಂಡ, ಮಲ್ಲಿಗೆ, ಕನಕಾಂಬರ, ಕರಿಬೇವಿನ ಸಸಿ. ಪಕ್ಕದಿಂದ ಮೆಟ್ಟಿಲು. ಮೇಲೆ ಒಂದೇ ದೊಡ್ಡ ಕೋಣೆ. ಆರ್‌ಸಿಸಿ ಸೂರು, ಎರಡೂ ಕಡೆ ಕಿಟಕಿ. ಗೋಡೆಗೆ ಬೆರಳಿಟ್ಟೆ, ಒಣಗಿತ್ತು. ಮೂರು ಗೋಡೆಗೂ ಆಳುದ್ದದ ಕನ್ನಡಿ. ಜಿಮ್‌ನವರು ಎಲ್ಲ ಒಯ್ದು, ಕನ್ನಡಿಗಳನ್ನೂ ಒಂದು ಬೆಂಚನ್ನೂ ಬಿಟ್ಟಿದ್ದರು. ಬಾಗಿಲ ಮೇಲೆ ತೋಳು ಉಬ್ಬಿಸಿದ ಒಬ್ಬ ಪೈಲ್ವಾನನ ಚಿತ್ರವೂ ಇತ್ತು.

ನರ್ಸರಿಯ ಪುಟ್ಟತಾಯಮ್ಮನವರು ಮಣ್ಣಿನ ಕೈ ಸೆರಗಿಗೆ ಒರೆಸುತ್ತಾ ಹತ್ತಿ ಬಂದರು. ನನ್ನ ವಯಸ್ಸಿನವರು.

“ಏನು ಪುಸ್ತಕ? ಪರೀಕ್ಸೆದಾ?”

“ಗಿಡದ್ದಮ್ಮ. ಗಿಡಬಳಗ ಅಂತ ಸರಸ್ವತಿಪುರಂನಲ್ಲಿ...”

ಅವರು ಬೆಂಚಿನ ಮೇಲೆ ಕೂತುಬಿಟ್ಟರು. “ನಮ್ಮ ಮಾವ ಅಲ್ಲಿಗೇ ಓಯ್ತಿದ್ದುದು. ಮಾಲಿ ಚಿಕ್ಕಣ್ಣ ಅಂತ. ಅವ್ರು ಏಳಿದ್ದೆಲ್ಲ ಆ ಪುಸ್ತಕದಾಗೆ ಬರ್ದವ್ರೆ.”

ಚಿಕ್ಕಣ್ಣನವರು ತೀರಿಕೊಂಡು ಐದು ವರ್ಷವಾಗಿತ್ತು. ಅವರ ಸೊಸೆ ಬಾಡಿಗೆಯ ಮಾತನ್ನೇ ಎತ್ತಗೊಡಲಿಲ್ಲ. “ನಮ್ಮ ಮಾವನ ಮಾತು ನಮ್ಮನೆಗೆ ಬತ್ತಾವೆ, ಅದಕ್ಕೆ ಬಾಡ್ಗೆ ಇಸ್ಕೊಂಡಾರಾ? ತಕ್ಕೊಂಡ್ ಬನ್ನಿ. ಆದ್ರೆ ಒಂದ್ ಮಾತು.”

“ಹೇಳಿ ಅಮ್ಮ.”

“ಅಲ್ಲಿ ಕೀಲಿ ಇಟ್ಕೊಂಡಿದ್ದ ಒಬ್ಬಮ್ಮ ಅಂಚು ಕತ್ತರಿಸ್ಬುಡಿ ಅಂದ್ಬುಟ್ಲಂತೆ. ಅದಾದ್ಮೇಲೆ ಬಂದ ಯುಗಾದೀಲಿ ಓದಿ ನೋಡಿದ್ರೆ ಮಾವನ ಮಾತು ಅರ್ಧಕ್ಕರ್ಧ ಇಲ್ಲ. ಮನೆಗೆ ಬಂದು, ‘ಓಗ್ಲಿ ಬುಡು ಪುಟ್ಟತಾಯಿ, ಗಿಡ ಅಂಗೇ ಅವಲ್ಲ’ ಅಂದ್ರು. ಆದ್ರೆ ಮತ್ತೆ ಅತ್ತಗೆ ತಲೆ ಆಕ್ಲಿಲ್ಲ. ಆವಮ್ಮ ಈ ಮೆಟ್ಲು ಅತ್ತಬಾರ್ದು. ಬೇಕಾರೆ ನೀವೇ ನೋಡ್ಕಳಿ. ಒಳ್ಳೇವ್ರ ತರ ಕಾಣ್ತೀರ.”

ಮೂರು ಕನ್ನಡಿಯಲ್ಲೂ ನಾನೇ ಕಾಣುತ್ತಿದ್ದೆ. ಒಬ್ಬನಾದರೂ ಬಾಯಿ ತೆರೆಯಲಿಲ್ಲ. “ಆಗ್ಲಿ ಅಮ್ಮ” ಎಂದು ಇಳಿದು ಬಂದೆ. ಆಟೋದಲ್ಲಿ ಇಮ್ತಿಯಾಜ್, “ಜಾಗ ಸಿಕ್ಕಿದ್ದಕ್ಕೆ ಯಾಕಣ್ಣ ಹಿಂಗೆ ಮುಖ?” ಎಂದ. ಅವನಿಗೂ ಹೇಳಲಿಲ್ಲ.

ಜಾಗ ಸಿಕ್ಕಿತೆಂದಾಗ ಅಕ್ಕನ ಸಂಭ್ರಮ ನೋಡಬೇಕಿತ್ತು. ಕೆಸರೆಗೆ ಯಾವ ಬಸ್ಸು, ಎಲ್ಲಿ ಇಳಿಯಬೇಕು ಎಂದು ಪಕ್ಕದ ಮನೆಯವರನ್ನೆಲ್ಲ ಕೇಳಿದಳು. ಪುಸ್ತಕಗಳ ಪಟ್ಟಿಯನ್ನು ಹೊಸ ನೋಟ್‌ಬುಕ್ಕಿನಲ್ಲಿ ಬರೆದಳು. ನಾನು ಎಂಟು ದಿನ ನೆಪ ಹುಡುಕಿದೆ. ಮೆಟ್ಟಿಲು ಜಾಸ್ತಿ, ಕಡಿದಾಗಿವೆ ಎಂದೆ. ಬಿಸಿಲು ಎಂದೆ. ಸಾಮಾನು ಸಾಗಿಸುವ ಭಾನುವಾರ ನೀನು ಬರಬೇಡ, ಎಲ್ಲ ಮುಗಿದ ಮೇಲೆ ಒಂದು ದಿನ ಕರೆದುಕೊಂಡು ಹೋಗುತ್ತೇನೆ ಎಂದೆ. ಅವಳು ನನ್ನ ಮುಖ ನೋಡಿ “ಸರಿ” ಎಂದಳು. ಚಿಕ್ಕಂದಿನಲ್ಲಿ ನಾನು ಸುಳ್ಳು ಹೇಳಿದಾಗಲೂ ಹೀಗೇ ಸರಿ ಎನ್ನುತ್ತಿದ್ದಳು.

ಭಾನುವಾರ ಬೆಳಿಗ್ಗೆ ಗಿಡಬಳಗದ ಇಪ್ಪತ್ತೊಂದು ಜನ ಕೆಸರೆಗೆ ಬಂದರು. ಅದರಲ್ಲಿ ಅರವತ್ತು ದಾಟದವರು ಮೂವರೋ ನಾಲ್ವರೋ. ಮೆಟ್ಟಿಲಿಗೊಬ್ಬರಂತೆ ನಿಂತು ಕೈಯಿಂದ ಕೈಗೆ ಪುಸ್ತಕ ಸಾಗಿಸುವುದೆಂದಾಯಿತು. ಆದರೆ ಗಿಡ ಕಂಡರೆ ಕೈ ನಿಲ್ಲಿಸುವ ಜನ ಅವರು. “ಇದ್ಯಾವ ದಾಸವಾಳ ರೀ?” ಎಂದು ಒಬ್ಬರು ಬಗ್ಗಿದರೆ ಮೇಲಿನವರಿಗೆ ಪುಸ್ತಕ ಬರುತ್ತಿರಲಿಲ್ಲ. ಇಮ್ತಿಯಾಜ್ ಕೆಳಗಿನಿಂದ, “ಸಾರ್, ದಾಸವಾಳ ಓಡಿಹೋಗಲ್ಲ, ಪುಸ್ತಕ ಹಿಡೀರಿ!” ಎಂದು ಕೂಗುತ್ತಿದ್ದ. ಪುಟ್ಟತಾಯಮ್ಮನವರು ದೊಡ್ಡ ಪಾತ್ರೆಯಲ್ಲಿ ಚಿತ್ರಾನ್ನ ಕಲೆಸಿಟ್ಟಿದ್ದರು. ಪ್ರೊಫೆಸರನ್ನು ಕುರ್ಚಿ ಸಮೇತ ಇಬ್ಬರು ಮೇಲಕ್ಕೆ ಹೊತ್ತರು. ಅವರು ಕೋಲೆತ್ತಿ ರಾಜರ ಹಾಗೆ ಹೋದರು.

ನಾನು ಮೆಟ್ಟಿಲಿನ ನಡುವೆ ಆ ಹಸಿರು ಸಂಪುಟಗಳಲ್ಲಿ ನಾಲ್ಕನ್ನು ಹಿಡಿದು ನಿಂತಿದ್ದೆ. ಗೇಟಿನ ಹತ್ತಿರ ಅಕ್ಕ ಕಾಣಿಸಿದಳು. ಕೈಯಲ್ಲಿ ಬೇವಿನ ಸೊಪ್ಪು ತುಂಬಿದ ಬುಟ್ಟಿ. ಬಸ್ಸಿಳಿದು ನಡೆದುಕೊಂಡು ಬಂದಿದ್ದಳು. ಮೇಲಿನ ಕಿಟಕಿಯಿಂದ ಪ್ರೊಫೆಸರ್ ಕೂಗಿದರು.

“ಗಿರಿಜಮ್ಮನೋರೆ, ಹಳೇ ಹೊರಬಾಗಿಲ ಕೀಲಿ ತಂದ್ರಾ?”

ಕೀಲಿ ಎಂದದ್ದೇ ಪುಟ್ಟತಾಯಮ್ಮನವರು ತಿರುಗಿದರು. ಅಕ್ಕನನ್ನು ನೋಡಿದರು, ನನ್ನನ್ನು ನೋಡಿದರು. “ಇವ್ರೇನಾ ಆವಮ್ಮ? ಮಾದೇವಪ್ಪೋರೆ, ನಾನು ನಿಮಗೆ ಏನು ಏಳಿದ್ದೆ?”

ಅಕ್ಕನಿಗೆ ಒಂದು ಕ್ಷಣದಲ್ಲಿ ಎಲ್ಲ ಅರ್ಥವಾಯಿತು. ನನ್ನ ನೆಪಗಳೂ ಅರ್ಥವಾದವು. ಬುಟ್ಟಿಯನ್ನು ಮೊದಲನೆಯ ಮೆಟ್ಟಿಲ ಮೇಲಿಟ್ಟಳು.

“ನಾನೇ ಅಮ್ಮ ಅವಳು. ಮೇಲೆ ಬರಲ್ಲ ಬಿಡಿ. ಈ ಸೊಪ್ಪು ಮಾತ್ರ ಪುಸ್ತಕದ ಸಂದಿಗೆ ಇಟ್ಬುಡಿ, ಹುಳ ಬರಲ್ಲ. ತಿಂಗಳಿಗೊಂದ್ಸಲ ಬದಲಾಯಿಸ್ಬೇಕು.”

ಹೇಳಿ ತಿರುಗಿದಳು. ಮಂಡಿ ನೋವಿನಿಂದ ನಿಧಾನವಾಗಿ ತಿರುಗಿದಳು. ಆ ನಿಧಾನ ನನಗೆ ಸಹಾಯ ಮಾಡಿತು.

“ಅಕ್ಕ ಹೇಳಿರಲಿಲ್ಲ!” ಎಂದೆ. “ಪುಟ್ಟತಾಯಮ್ಮ, ಅಂಚು ಮುಟ್ಟಬೇಡ ಅಂತ ಅವಳು ಚೀಟಿ ಬರೆದು ಕಳಿಸಿದ್ದಳು. ನಾನು ಚೀಟೀನೇ ಓದಲಿಲ್ಲ. ಕತ್ತರಿಸಿದ್ದು ನಾನು. ಚೂರು ರದ್ದಿಗೆ ಹಾಕಿದ್ದು ನಾನು. ನನ್ನ ಕೆಲಸ ಹೋಗಬಾರದು ಅಂತ ಅವಳು ತನ್ನ ತಪ್ಪು ಅಂದಳು. ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಪ್ರೊಫೆಸರ್ ಸರ್, ಕೇಳಿಸ್ತಾ? ನಾನು!”

“ಮಾದೇವ,” ಎಂದಳು ಅಕ್ಕ ಕೆಳಗಿನಿಂದ, “ಮೊದ್ಲು ಅವನ್ನ ಕೆಳಗಿಡು. ಬೆನ್ನು ಮುರಿಯುತ್ತೆ.”

“ನನ್ನ ಬೆನ್ನಿಗೆ ಏನೂ ಆಗಲ್ಲ.”

“ನಿಂದಲ್ಲ ಕಣೋ, ಪುಸ್ತಕದ್ದು.”

ಯಾರೋ ನಕ್ಕರು. ಪುಟ್ಟತಾಯಮ್ಮನವರು ನನ್ನನ್ನು ಕಾಲಿಂದ ತಲೆವರೆಗೆ ನೋಡಿದರು. “ಒಳ್ಳೇವ್ರ ತರ ಕಾಣ್ತೀರ ಅಂದಿದ್ದೆ. ನನ್ನ ಕಣ್ಣಿಗೆ ಪೊರೆ ಬಂದದೆ ಅಂತ ಡಾಕುಟ್ರು ಏಳಿದ್ದು ನಿಜ, ಆಪ್ರೇಸನ್ ಮಾಡಿಸ್ಕಬೇಕು.” ಆಮೇಲೆ ಅಕ್ಕನ ಬಳಿಗೆ ಹೋಗಿ ಬುಟ್ಟಿ ಎತ್ತಿಕೊಂಡರು. “ತಪ್ಪು ತಿಳ್ಕಂಡಿದ್ದೆ ಕಣಕ್ಕ. ಬನ್ನಿ ಮೇಲೆ.”

“ಮಂಡಿ...”

“ನಂಗೂ ಅದೇಯ. ಒಬ್ರನ್ನೊಬ್ರು ಇಡ್ಕಂಡು ಅತ್ತುವ.”

ಅವರಿಬ್ಬರೂ ಹತ್ತಿದರು. ಹದಿನೆಂಟು ಮೆಟ್ಟಿಲು. ಮೂರು ಕಡೆ ನಿಂತು ಉಸಿರು ತೆಗೆದುಕೊಂಡರು. ಅಷ್ಟು ಹೊತ್ತೂ ನಾವೆಲ್ಲ ಪುಸ್ತಕ ಹಿಡಿದು ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟೆವು. ಯಾರೂ ದಾಸವಾಳ ನೋಡಲಿಲ್ಲ.

ಮೇಲೆ ಪ್ರೊಫೆಸರ್ ಜಿಮ್ಮಿನ ಬೆಂಚಿನ ಮೇಲೆ ಕೂತಿದ್ದರು. ಅವರು ನನ್ನನ್ನು ಬೈಯಲಿಲ್ಲ. “ವರದಿಯಿಂದ ಹೆಸರು ತೆಗೆದದ್ದು ನಾನೇ ಗಿರಿಜಮ್ಮ. ಒಂದು ಮಾತು ವಿಚಾರಿಸಬೇಕಿತ್ತು” ಎಂದರು. ಪುಸ್ತಕದ ಕಟ್ಟುಗಳಿಗೆ ನಂಬರು ಹಾಕುತ್ತಿದ್ದ ಮಾರ್ಕರ್ ಪೆನ್ನು ಇಸಿದುಕೊಂಡು, ಎದ್ದು, ಎದುರಿನ ಕನ್ನಡಿಯ ಮೇಲೆ ಬರೆದರು: ‘ಗ್ರಂಥಪಾಲಕಿ: ಶ್ರೀಮತಿ ಗಿರಿಜಮ್ಮ.’ ಸಂಪುಟಗಳ ಬೀರುವಿನ ಕೀಲಿ ಜೇಬಿನಿಂದ ತೆಗೆದು ಅಕ್ಕನ ಕೈಗೆ ಕೊಟ್ಟರು. ಕನ್ನಡಿಯ ಆ ಅಕ್ಷರಗಳ ಹಿಂದೆ ಅಕ್ಕನ ಮುಖ ಕಾಣುತ್ತಿತ್ತು. ಅವಳು ಸೆರಗಿನಿಂದ ಕಣ್ಣೊರೆಸಿ, ಅದೇ ಸೆರಗಿನಿಂದ ಕನ್ನಡಿಯ ಒಂದು ಮೂಲೆಯ ಧೂಳನ್ನೂ ಒರೆಸಿದಳು. ಕೆಲಸ ಶುರುವಾಗಿತ್ತು.

ಇನ್ನು ಆ ಕತ್ತರಿಸಿದ ಮಾತುಗಳ ವಿಷಯ. ನಾನು ತೆಗೆದದ್ದು ಹೊರಗಿನ ಬೆರಳಗಲ ಕಾಗದ. ಹಾಗಾಗಿ ಬಲಪುಟದ ಸಾಲುಗಳಿಗೆ ಕೊನೆ ಇರಲಿಲ್ಲ, ಎಡಪುಟದ ಸಾಲುಗಳಿಗೆ ಮೊದಲು ಇರಲಿಲ್ಲ. ಚಿತ್ರಾನ್ನ ಉಂಡ ಮೇಲೆ ಅಕ್ಕ ಒಂದು ಸಂಪುಟ ತೆರೆದು ಸುಮ್ಮನೆ ಓದಿದಳು.

“ಮುತ್ತುಗ. ಚಿಕ್ಕಣ್ಣ ಹೇಳಿದ್ದು: ಎಲೆಯೆಲ್ಲ ಉದುರಿಸಿ ಶಿವರಾತ್ರಿಗೆ ಎಂಟು ದಿನ...” ನಿಲ್ಲಿಸಿದಳು. ಮುಂದೆ ಕಾಗದವಿರಲಿಲ್ಲ.

“ಮುಂಚೇನೇ ಮೈಯೆಲ್ಲ ಕೆಂಪು ಮಾಡ್ಕಂಡು ನಿಂತದೆ” ಎಂದರು ಪುಟ್ಟತಾಯಮ್ಮ, ಉಂಡ ಎಲೆ ಮಡಿಸುತ್ತಾ. “ಮಾವ ವರ್ಸಾ ವರ್ಸಾ ಇದ್ನೇ ಏಳೋರು. ಕೇಳಿ ಕೇಳಿ ಸಾಕಾಗಿತ್ತು.”

ಅಕ್ಕ ಕನ್ನಡಕ ಸರಿಮಾಡಿಕೊಂಡು ಇನ್ನೊಂದು ಪುಟ ತಿರುಗಿಸಿದಳು. “ಗೌರಿ ಹೂವು. ಚಿಕ್ಕಣ್ಣ ಹೇಳಿದ್ದು: ಇದರ ಗೆಡ್ಡೆ ಮುಟ್ಟಿದ ಕೈಯಲ್ಲಿ ಊಟ ಮಾ...”

“ಮಾಡಬ್ಯಾಡಿ! ವಿಸ ಅದು!”

ಅಕ್ಕ ನನ್ನ ಕಡೆ ತಿರುಗಿದಳು. “ನೋಡಿದ್ಯೇನೋ? ಇದನ್ನ ಓದಿ ಯಾರಾದ್ರೂ ಊಟ ಮಾಡಿದ್ದಿದ್ರೆ ನಿನ್ನ ಮಷೀನು ಜೈಲಿಗೆ ಹೋಗ್ತಿತ್ತು.” ಇಪ್ಪತ್ತೊಂದು ಜನ ನಕ್ಕರು. ಮೂರು ಕನ್ನಡಿಯಲ್ಲಿ ನಕ್ಕವರನ್ನೂ ಸೇರಿಸಿದರೆ ಎಷ್ಟಾಯಿತೋ. ಆ ಕೋಣೆಯಲ್ಲಿ ನನ್ನನ್ನು ನೋಡಿ ನಗುವ ಜನ ಅಷ್ಟಿದ್ದರೂ ನನಗೆ ಒಂಬತ್ತು ವರ್ಷದಲ್ಲಿ ಅಷ್ಟು ಹಗುರ ಅನ್ನಿಸಿದ್ದಿಲ್ಲ.

ಅಂದಿನಿಂದ ಪ್ರತಿ ಭಾನುವಾರ ಅದೇ ಆಟ. ಅಕ್ಕ ಅರ್ಧ ಸಾಲು ಓದುತ್ತಾಳೆ, ಪುಟ್ಟತಾಯಮ್ಮ ಉಳಿದರ್ಧ ಹೇಳುತ್ತಾರೆ. ನೆನಪಿರದಿದ್ದರೆ, “ಇದು ನಂಗೊತ್ತಿಲ್ಲ, ನಾನು ಅವತ್ತು ತವರಿಗೆ ಓಗಿದ್ದೆ” ಎಂದು ಒಪ್ಪಿಕೊಳ್ಳುತ್ತಾರೆ. ಸುಮ್ಮನೆ ಕಟ್ಟಿ ಹೇಳುವುದಿಲ್ಲ. ಅಂಥ ಕಡೆ ಅಕ್ಕ ಜಾಗ ಖಾಲಿ ಬಿಡುತ್ತಾಳೆ. ಕೆಲವು ಮಾತು ಹೋದದ್ದು ಹೋದವು, ಅದರಲ್ಲಿ ಎರಡು ಮಾತಿಲ್ಲ. ಒಬ್ಬರು ಪೈಲ್ವಾನನ ಚಿತ್ರ ಕೀಳಲು ಹೋದಾಗ ಪುಟ್ಟತಾಯಮ್ಮ ಬೇಡವೆಂದರು, ಹುಳದ ಜೊತೆ ಕಳ್ಳರೂ ಹೆದರಲಿ ಎಂದು.

ನನ್ನ ಪಾಲಿನ ಕೆಲಸ ಹಾಳೆ ಸೇರಿಸುವುದು. ಸಂಪುಟದ ಹೊಲಿಗೆ ಬಿಚ್ಚಿ, ಟಿಪ್ಪಣಿ ಇರುವ ಪ್ರತಿ ಎರಡು ಪುಟದ ನಡುವೆ ಒಂದು ಖಾಲಿ ಹಾಳೆ ಇಟ್ಟು ಮತ್ತೆ ಹೊಲಿಯಬೇಕು. ಆ ಖಾಲಿ ಹಾಳೆಯ ಮೇಲೆ ಅಕ್ಕ ಪೂರ್ತಿ ಸಾಲು ಬರೆಯುತ್ತಾಳೆ. ಹಾಳೆ ಸೇರಿದರೆ ಪುಸ್ತಕ ದಪ್ಪವಾಗುತ್ತದೆ, ಬೆನ್ನಿಗೆ ಹೊಸ ರಟ್ಟು ಬೇಕಾಗುತ್ತದೆ, ಅಂಚು ಏರುಪೇರಾಗಿ ಕಾಣುತ್ತದೆ. ಮಷೀನಿಗೆ ಕೊಟ್ಟರೆ ಒಂದು ನಿಮಿಷದಲ್ಲಿ ಸರಿಯಾಗುತ್ತದೆ. ಕೊಡುವುದಿಲ್ಲ. ಸಂಪುಟ ನನ್ನ ಕೈಗೆ ಬರುವ ಮೊದಲು ಅಕ್ಕ ಚೀಟಿ ಬರೆಯುತ್ತಾಳೆ. ಅದನ್ನು ನಾನು ಕನ್ನಡಿಯ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಎರಡು ಸಲ ಓದಬೇಕು. ಹೀಗೆಂದು ನಿಯಮ ಮಾಡಿದವರು ಪುಟ್ಟತಾಯಮ್ಮ.

ಕಸುಬು ನನಗೆ ಕಲಿಸಿದ್ದೇನೆಂದು ಯಾರಾದರೂ ಕೇಳಿದರೆ ಇಷ್ಟು ಹೇಳಬಲ್ಲೆ. ಹೊರಗಿನವರ ಚೀಟಿಯನ್ನು ಭಯದಿಂದಾದರೂ ಓದುತ್ತೇವೆ. ಮನೆಯವರ ಚೀಟಿಯನ್ನು ಮೊಳೆಗೆ ಸಿಕ್ಕಿಸಿ ಮರೆಯುತ್ತೇವೆ, ಅವರು ಏನೂ ಅನ್ನುವುದಿಲ್ಲ ಎಂಬ ಧೈರ್ಯದಲ್ಲಿ. ಅವರು ಏನೂ ಅನ್ನದೇ ಇರುವುದೇ ಎಷ್ಟು ಭಾರವೆಂದು ನಾನು ತಿಳಿದದ್ದು ತಡವಾಗಿ.

ಆದರೂ ಒಂದು ಕೆಲಸ ಬಾಕಿ ಉಳಿದಿತ್ತು. ಅದನ್ನು ಎತ್ತಿ ತೋರಿಸಿದವರೂ ಪುಟ್ಟತಾಯಮ್ಮನೇ. ಒಂದು ಸಂಜೆ ಅಕ್ಕ ಬಸ್ಸಿಗೆ ಹೋದ ಮೇಲೆ, ಕುಂಡಕ್ಕೆ ಮಣ್ಣು ತುಂಬುತ್ತಾ ಕೇಳಿದರು.

“ಮೆಟ್ಲ ಮೇಲೆ ನಿಂತು ನಂಗೆ ಏಳಿದ್ರಿ, ಪ್ರೊಪೆಸರ್‌ಗೆ ಏಳಿದ್ರಿ, ಊರಿಗೆಲ್ಲ ಏಳ್ಬುಟ್ರಿ. ಅಕ್ಕಂಗೆ ಏನು ಏಳಿದ್ರಿ?”

“ಅವಳಿಗೆ ಎಲ್ಲ ಗೊತ್ತಲ್ಲಮ್ಮ.”

“ಈ ಮಲ್ಲಿಗೆ ಬೇರಿಗೆ ನೀರು ಬೇಕು ಅಂತ ನಿಮಗೂ ಗೊತ್ತು. ಗೊತ್ತು ಅಂತ ಸುಮ್ನೆ ಕುಂತ್ರೆ ಅದಕ್ಕೆ ನೀರು ಆಗ್ತದಾ?”

ಮೊದಲನೆಯ ಸಂಪುಟಕ್ಕೆ ಹಾಳೆ ಸೇರಿಸಿ ಮುಗಿಸಿದ ಭಾನುವಾರ ಅದನ್ನು ಕೆಸರೆಗೆ ಒಯ್ದೆ. ಕೋಣೆ ತುಂಬಿತ್ತು. ಅಕ್ಕ ಸ್ಟೂಲಿನ ಮೇಲೆ ಕೂತು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು. ಒರಟು ಅಂಚು, ಒಂದು ಹಾಳೆ ಒಳಗೆ, ಒಂದು ಹಾಳೆ ಹೊರಗೆ. ನನ್ನ ನಲವತ್ತು ವರ್ಷದಲ್ಲಿ ಇಷ್ಟು ಅಂದಗೆಟ್ಟ ಅಂಚನ್ನು ಅಂಗಡಿಯಿಂದ ಹೊರಗೆ ಕಳಿಸಿದ್ದಿಲ್ಲ. ಅವಳ ಮುಖ ಅರಳಿತು.

ಎರಡನೆಯ ಸಂಪುಟ ಕೈಗೆ ಕೊಟ್ಟಳು. ಮೇಲೆ ನಾಲ್ಕಾಗಿ ಮಡಿಸಿದ ಚೀಟಿ. ಕನ್ನಡಿಯ ಮುಂದೆ ನಿಂತು ಬಿಡಿಸಿದೆ.

“ಮಾದೇವ, ಹೊಲಿಗೆ ರಟ್ಟು ಮಾತ್ರ. ಅಂಚು ಮುಟ್ಟಬೇಡ.”

“ಇನ್ನೊಂದ್ಸಲ!” ಎಂದ ಇಮ್ತಿಯಾಜ್, ಬಾಗಿಲಲ್ಲಿ ನಿಂತು. ಇನ್ನೊಂದು ಸಲ ಓದಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೊದಲನೆಯ ಸಂಪುಟದ ಸಲ ಅಲ್ಲಿಗೆ ಮುಗಿದಿತ್ತು. ಅಂದು ನಾನು ಚೀಟಿಯನ್ನು ಜೇಬಿಗಿಟ್ಟುಕೊಂಡು ಅಲ್ಲೇ ನಿಂತೆ. ಚಪ್ಪಾಳೆ ನಿಂತಿತು. ಕನ್ನಡಿಯ ಕಡೆಯಿಂದ ತಿರುಗಿ ಸ್ಟೂಲಿನ ಮೇಲಿದ್ದವಳ ಮುಖ ನೋಡಿದೆ.

“ಅಕ್ಕ, ನೀನು ಬರೆದದ್ದನ್ನ ಓದದೆ ಕತ್ತರಿಸ್ಬುಟ್ಟೆ, ಅದು ತಪ್ಪಾಯ್ತು. ನೀನು ನನಗೋಸ್ಕರ ತಲೆ ತಗ್ಗಿಸ್ಕೊಂಡು ನಿಂತಿದ್ದಾಗ ಬಾಗಿಲಲ್ಲಿ ನಿಂತು ಸುಮ್ಮನಿದ್ದೆ, ಅದು ಅದಕ್ಕಿಂತ ದೊಡ್ಡ ತಪ್ಪು. ಒಂಬತ್ತು ವರ್ಷ ತಡ ಮಾಡ್ದೆ. ನನ್ನ ಕ್ಷಮಿಸ್ಬುಡು ಕಣಕ್ಕ.”